ದ್ವೀಪಗಳ ಲೆಕ್ಕ ಬಿಡಿ ಮಾರಾಯ್ರೆ, ಗ್ರೀಸಿಗೆ ಹೋದರೆ ಒಂದು ಕಡೆ ಕೂತ್ಕೊಳ್ಳಿ

ಗೆಳೆಯರ ಗುಂಪಿನ ಜೊತೆ ಹೋಗಿಬಂದ ಗ್ರೀಸಿನ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸಿಗೆ ಬರುತ್ತಿರುವ ಪ್ರಶ್ನೆಗಳೆಲ್ಲ ಒಂದೇ ಥರ. "ನಾವೂ ಒಂದು ಗ್ಯಾಂಗ್ ಹೊರಟಿದ್ದೀವಿ. ಒಂದು ವಾರದಲ್ಲಿ ಅಥೆನ್ಸ್, ಮಿಕೊನೋಸ್, ಸ್ಯಾಂಟೊರಿನಿ, ಕ್ರೀಟ್ ಎಲ್ಲ ಮುಗಿಸಬಹುದಾ?"

ಮುಗಿಸಬಹುದು. ಆದರೆ ನೀವು ನೋಡುವುದು ಬಂದರುಗಳನ್ನು, ಟ್ರಾಲಿ ಬ್ಯಾಗುಗಳನ್ನು ಮತ್ತು ನಿಮ್ಮದೇ ಗೆಳೆಯರ ಸಿಡುಕು ಮುಖಗಳನ್ನು. ಒಬ್ಬರೇ ಹೋಗುವವರು ಹೇಗಾದರೂ ಓಡಾಡಿಕೊಳ್ಳಲಿ. ಗೆಳೆಯರ ಗುಂಪಾದರೆ ಒಂದು ಊರು, ಒಂದು ದ್ವೀಪ, ಅಷ್ಟು ಸಾಕು. ಎರಡನೇ ದ್ವೀಪ ಬೇಕೇ ಬೇಕು ಅಂತ ಹಟ ಮಾಡುವವರಿದ್ದರೆ ಪಕ್ಕದ್ದೊಂದನ್ನು ಸೇರಿಸಿಕೊಳ್ಳಿ. ಇದು ನನ್ನ ಅಭಿಪ್ರಾಯ. ನಮ್ಮ ಗುಂಪಿನಲ್ಲೇ ಇದನ್ನು ಒಪ್ಪದವರಿದ್ದಾರೆ, ಅವರು ಕಮೆಂಟಿಗೆ ಬಂದು ಬೈಯುತ್ತಾರೆ, ನೋಡ್ತಾ ಇರಿ.

ನಕ್ಷೆಯಲ್ಲಿ ಮಿಕೊನೋಸ್, ನಾಕ್ಸೋಸ್, ಸ್ಯಾಂಟೊರಿನಿ ಎಲ್ಲ ಸೇರಿದ ಸೈಕ್ಲಡೀಸ್ ಗುಂಪಿನ ದ್ವೀಪಗಳು ಒಂದಕ್ಕೊಂದು ತಾಗಿಕೊಂಡಂತೆ ಕಾಣುತ್ತವೆ. ಅದನ್ನು ನಂಬಿ ಪ್ಲಾನ್ ಮಾಡಿದವರೇ ಕೆಡುವುದು. ಅಥೆನ್ಸಿನ ಬಂದರು ಪಿರೇಯಸ್‌ನಿಂದ ಬೆಳಿಗ್ಗೆ ಹೊರಡುವ ದೊಡ್ಡ ಫೆರಿ ಪಾರೋಸ್ ಮುಟ್ಟಿ ನಾಕ್ಸೋಸ್‌ಗೆ ಬರಲು ಐದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ಯಾಂಟೊರಿನಿಗೆ ಏಳೆಂಟು ಗಂಟೆ. ಕ್ಯಾಟಮರಾನ್ ಅನ್ನುವ ವೇಗದ ಹಡಗುಗಳಿವೆ, ದುಡ್ಡು ಜಾಸ್ತಿ, ಹೊಟ್ಟೆ ತೊಳಸುವುದೂ ಜಾಸ್ತಿ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಜೋರಾದರೆ ಮೊದಲು ನಿಲ್ಲುವುದೂ ಅವೇ. ಗಾಳಿ ಇನ್ನೂ ಏರಿದರೆ ದೊಡ್ಡ ಹಡಗೂ ಬಂದರು ಬಿಡುವುದಿಲ್ಲ. ದಿನಕ್ಕೊಂದು ದ್ವೀಪ ಅಂತ ಹೋಟೆಲ್ ಬುಕ್ ಮಾಡಿಕೊಂಡವರು ಆಗ ಫೋನ್ ಹಿಡಿದು ಕೂರಬೇಕು, ಅಷ್ಟೇ.

ಹಡಗಿನಿಂದ ಇಳಿಯುವ ಗಲಾಟೆಯನ್ನಂತೂ ಹೇಳಲೇಬೇಕು. ಇನ್ನೇನು ದ್ವೀಪ ಬಂತು ಅನ್ನುವಾಗ ಎಲ್ಲರೂ ಮೇಲಿನಿಂದ ಕೆಳಗಿನ ಗ್ಯಾರೇಜಿಗೆ ಇಳಿದು ನಿಲ್ಲುತ್ತಾರೆ. ಲಾರಿಗಳ ಹೊಗೆ, ಎಂಜಿನ್ ಸದ್ದು. ದ್ವೀಪದ ಹೆಸರು ಬರೆದ ಕಬ್ಬಿಣದ ರ‍್ಯಾಕಿನಲ್ಲಿ ನಿಮ್ಮ ಬ್ಯಾಗು ಇನ್ನಾರದೋ ನಾಲ್ಕು ಬ್ಯಾಗುಗಳ ಅಡಿಗೆ. ಹಿಂಬದಿಯ ಭಾರೀ ಬಾಗಿಲು ಕಿರುಗುಟ್ಟುತ್ತಾ ಕೆಳಗಿಳಿಯುತ್ತದೆ, ಅದರ ಸಂದಿಯಲ್ಲಿ ಮೊದಲು ಬೆಳಕು, ಆಮೇಲೆ ನೀಲಿ ನೀರು, ಆಮೇಲೆ ಬಿಳಿ ಊರು. ಅದು ಪೂರ್ತಿ ನೆಲ ಮುಟ್ಟುವ ಮೊದಲೇ ಜನ ನುಗ್ಗಿಯಾಗಿರುತ್ತದೆ. ಹಡಗು ನಿಲ್ಲುವುದು ಕೆಲವೇ ನಿಮಿಷ. ಒಂದು ಸಲಕ್ಕೆ ಇದು ಮಜಾ. ದಿನ ಬಿಟ್ಟು ದಿನ ಮಾಡಿದರೆ ಸೊಂಟ ಹಿಡಿಯುತ್ತೆ. ನಾವೆಲ್ಲ ನಲವತ್ತು ದಾಟಿದವರು.

ಅಥೆನ್ಸನ್ನು "ಒಂದು ದಿನ ಸಾಕು, ಬರೀ ಟ್ರಾಫಿಕ್ಕು" ಅಂತ ತಳ್ಳಿಹಾಕುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಆಕ್ರೊಪೊಲಿಸ್ ಗುಡ್ಡ ಹತ್ತಿ ಪಾರ್ಥೆನಾನ್ ಎದುರು ಫೋಟೋ ತೆಗೆದು ಇಳಿದುಬಿಟ್ಟರೆ ಅರ್ಧ ಕಥೆ ಮಾತ್ರ. ಕ್ರಿಸ್ತಪೂರ್ವ 447ರಲ್ಲಿ ಕಟ್ಟಲು ಶುರುಮಾಡಿದ ಆ ದೇಗುಲ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ನೆಟ್ಟಗೇ ನಿಂತಿತ್ತು. ದೇವಸ್ಥಾನವಾಗಿತ್ತು, ಚರ್ಚಾಯಿತು, ಮಸೀದಿಯಾಯಿತು. 1687ರಲ್ಲಿ ಆಟೊಮನ್ ತುರ್ಕರು ಒಳಗೆ ಮದ್ದುಗುಂಡು ತುಂಬಿಟ್ಟಿದ್ದಾಗ ವೆನಿಸಿನವರ ಫಿರಂಗಿ ಗುಂಡು ಬಿದ್ದು ನಡುಭಾಗ ಹಾರಿಹೋಯಿತು. ಉಳಿದ ಶಿಲ್ಪಗಳಲ್ಲಿ ಬಹಳಷ್ಟನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಲಂಡನ್ನಿಗೆ ಸಾಗಿಸಿದ. ಕೆಳಗೆ 2009ರಲ್ಲಿ ತೆರೆದ ಮ್ಯೂಸಿಯಂಗೆ ಹೋಗಿ ನೋಡಿ. ಮೇಲಿನ ಮಹಡಿಯಲ್ಲಿ ಪಾರ್ಥೆನಾನಿನ ಸುತ್ತಳತೆಯಲ್ಲೇ ಶಿಲ್ಪಪಟ್ಟಿಕೆ ಜೋಡಿಸಿದ್ದಾರೆ. ಅಸಲಿ ಕಲ್ಲು ಜೇನು ಬಣ್ಣದ್ದು, ಲಂಡನ್ನಿನಲ್ಲಿರುವವುಗಳ ಜಾಗದಲ್ಲಿ ಬಿಳೀ ಪ್ಲಾಸ್ಟರಿನ ನಕಲು. ಯಾರೂ ಭಾಷಣ ಬಿಗಿಯುವುದಿಲ್ಲ, ಬಣ್ಣವೇ ದೂರು ಹೇಳುತ್ತೆ. ಅದೇ ಗುಡ್ಡದ ಇನ್ನೊಂದು ದೇಗುಲ ಎರೆಕ್ಥಿಯಾನ್‌ನ ಕಂಬಗಳಾಗಿ ನಿಂತಿದ್ದ ಆರು ಹೆಣ್ಣುಗಳಲ್ಲಿ ಐವರು ಇಲ್ಲಿದ್ದಾರೆ, ಆರನೆಯವಳು ಬ್ರಿಟಿಷ್ ಮ್ಯೂಸಿಯಂನಲ್ಲಿ. ನಮ್ಮ ಗುಂಪಿನ ಗೆಳತಿಯೊಬ್ಬಳು ಅಲ್ಲಿಂದ ಕದಲಲೇ ಇಲ್ಲ. "ನಡಿಯೇ, ಹಸಿವಾಗ್ತಿದೆ" ಅಂದರೆ "ನೀವು ಹೋಗ್ರೋ, ನಾನು ಬರ್ತೀನಿ" ಅಂತ ಅಟ್ಟಿದಳು. ಅವಳನ್ನು ಎಳೆದುಕೊಂಡು ಹೋಗಲಿಲ್ಲ ಅನ್ನುವುದೇ ಆ ದಿನದ ಅತ್ಯುತ್ತಮ ನಿರ್ಧಾರ.

ಗುಂಪು ಪ್ರವಾಸದ ಸೂತ್ರವೇ ಅದು ಅಂತ ನನಗನ್ನಿಸುತ್ತೆ. ಹಗಲು ಬೇರೆ ಬೇರೆ, ರಾತ್ರಿ ಒಂದೇ ಮೇಜು. ಬೆಳಗಿಂದ ಸಂಜೆವರೆಗೆ ಎಲ್ಲರೂ ಒಟ್ಟಿಗೇ ಇರಬೇಕು ಅನ್ನುವ ಹಟದಲ್ಲೇ ಎಷ್ಟೋ ಸ್ನೇಹಗಳು ವಿಮಾನ ನಿಲ್ದಾಣದ ಹೊತ್ತಿಗೆ ಮಾತು ಬಿಟ್ಟಿರುತ್ತವೆ.

ಅಥೆನ್ಸಿನಲ್ಲಿ ಇನ್ನೊಂದು ಜಾಗ, ಅನಾಫಿಯೊಟಿಕಾ. ಆಕ್ರೊಪೊಲಿಸ್ ಬಂಡೆಯ ಬುಡಕ್ಕೇ ಅಂಟಿಕೊಂಡ ಪುಟ್ಟ ಕೇರಿ. 1834ರಲ್ಲಿ ಅಥೆನ್ಸ್ ಹೊಸದಾಗಿ ಸ್ವತಂತ್ರವಾದ ಗ್ರೀಸಿನ ರಾಜಧಾನಿಯಾಗಿ ಕಟ್ಟಡಗಳು ಏಳತೊಡಗಿದಾಗ ಅನಾಫಿ ದ್ವೀಪದಿಂದ ಬಂದ ಗಾರೆಯವರು ತಮ್ಮೂರಿನ ಹಾಗೇ ಇಲ್ಲೂ ಮನೆ ಕಟ್ಟಿಕೊಂಡರು. ಬಿಳಿ ಗೋಡೆ, ಒಬ್ಬರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕಾದ ಓಣಿ, ಮೆಟ್ಟಿಲ ಮೇಲೆ ಬೆಕ್ಕು. ರಾಜಧಾನಿಯ ನಟ್ಟನಡುವೆ ದ್ವೀಪದ ಊರು ಸಿಗುತ್ತೆ, ಫೆರಿ ಟಿಕೆಟ್ಟೂ ಬೇಡ.

ದ್ವೀಪ ಅಂದರೆ ನನ್ನ ವೋಟು ನಾಕ್ಸೋಸ್‌ಗೆ. ಸೈಕ್ಲಡೀಸ್‌ನಲ್ಲಿ ಅದೇ ದೊಡ್ಡದು, ಪ್ರವಾಸಿಗರನ್ನು ನಂಬಿಯೇ ಬದುಕಬೇಕಿಲ್ಲದ ದ್ವೀಪ. ಆಲೂಗಡ್ಡೆ ಬೆಳೆಯುತ್ತಾರೆ, ಹಸು ಕುರಿ ಸಾಕುತ್ತಾರೆ, ಗ್ರಾವಿಯೆರಾ ಅನ್ನುವ ಗಟ್ಟಿ ಚೀಸ್ ಮಾಡುತ್ತಾರೆ. ಹಡಗಿಂದ ಇಳಿಯುವಾಗಲೇ ಎದುರಿಗೆ ಪೊರ್ಟಾರಾ, ಅಮೃತಶಿಲೆಯ ದೈತ್ಯ ಬಾಗಿಲು. ಬರೀ ಬಾಗಿಲ ಚೌಕಟ್ಟು, ಹಿಂದೆ ದೇವಸ್ಥಾನವಿಲ್ಲ. ಕ್ರಿಸ್ತಪೂರ್ವ 530ರ ಸುಮಾರಿಗೆ ಲಿಗ್ಡಾಮಿಸ್ ಅನ್ನುವ ಸರ್ವಾಧಿಕಾರಿ ಶುರುಮಾಡಿಸಿದ, ಅವನ ಅಧಿಕಾರ ಹೋಯಿತು, ಕೆಲಸ ನಿಂತಿತು. ದ್ವೀಪದ ಉತ್ತರದ ತುದಿ ಅಪೊಲೊನಾಸ್‌ನ ಕಲ್ಲುಗಣಿಯಲ್ಲಿ ಹತ್ತು ಮೀಟರಿಗೂ ಉದ್ದದ ವಿಗ್ರಹವೊಂದು ಅರೆಬರೆ ಕೆತ್ತಿ ಬಿಟ್ಟಿದ್ದು ಇವತ್ತಿಗೂ ಅಂಗಾತ ಮಲಗಿದೆ. ಕೈಬಿಟ್ಟ ಕಾಮಗಾರಿಗಳನ್ನೇ ತೋರಿಸಿ ಹೆಸರು ಮಾಡಿದ ದ್ವೀಪ. ನಮ್ಮ ಪಿಡಬ್ಲ್ಯುಡಿಯವರು ಹೋಗಿ ಕಲಿತು ಬರಬಹುದು.

ಅಲ್ಲಿ ಒಬ್ಬ ಈಜಲು ಸಮುದ್ರಕ್ಕೆ ಇಳಿದ, ಇಬ್ಬರು 1004 ಮೀಟರಿನ ಝಾಸ್ ಬೆಟ್ಟ ಹತ್ತಲು ಹೋದರು, ನಾನು ಹಾಲ್ಕಿ ಹಳ್ಳಿಯ ಕಾಫಿ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೆ. ಯಾರಿಗೂ ಯಾರ ಮೇಲೂ ಬೇಜಾರಿಲ್ಲ.

ರಾತ್ರಿ ಮೇಜಿನ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ಸೂಟ್‌ಕೇಸ್ ತುಂಬ ಚಟ್ನಿಪುಡಿ, ರೆಡಿಮೇಡ್ ಉಪ್ಪಿಟ್ಟು ಹೊರಬೇಕಾಗಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರ ಪಂಚಾಂಗದಲ್ಲಿ ವರ್ಷದ ಸುಮಾರು ಅರ್ಧ ದಿನಗಳು ಉಪವಾಸವೇ, ಮಾಂಸ, ಹಾಲು, ಮೊಟ್ಟೆ ಮುಟ್ಟದ ದಿನಗಳು. ಹಾಗಾಗಿ ಅಡುಗೆಯಲ್ಲೇ ಆ ದಾರಿ ಇದೆ. ಟೊಮ್ಯಾಟೋದಲ್ಲಿ ತರಕಾರಿ ಬೇಯಿಸಿದ ಬ್ರಿಯಾಮ್, ದೊಡ್ಡ ಬಿಳಿ ಕಾಳಿನ ಗಿಗಾಂಟೆಸ್, ಅನ್ನ ತುಂಬಿದ ಟೊಮ್ಯಾಟೊ ಗೆಮಿಸ್ಟಾ. ಸ್ಯಾಂಟೊರಿನಿಯ ಫಾವಾ ಅಂತೂ ಬೇಳೆ ಬೇಯಿಸಿ ಕಡೆದು ಎಣ್ಣೆ, ಈರುಳ್ಳಿ ಹಾಕಿದ್ದು, ಒಗ್ಗರಣೆ ಕಾಣದ ನಮ್ಮ ತೊವ್ವೆ. "ನಿಸ್ತಿಸಿಮೊ" ಅಂತ ಕೇಳಿ, ಉಪವಾಸದ ಅಡುಗೆ ಯಾವುದು ಅಂತ ತೋರಿಸುತ್ತಾರೆ. ಒಂದು ಎಚ್ಚರಿಕೆ: ಅವರ ಉಪವಾಸಕ್ಕೆ ಸೀಗಡಿ, ಆಕ್ಟೋಪಸ್ ನಡೆಯುತ್ತೆ. ಗೆಮಿಸ್ಟಾದಲ್ಲಿ ಕೆಲವು ಕಡೆ ಖೀಮಾ ಇರುತ್ತೆ. ಕೇಳಿಯೇ ತಿನ್ನಿ.

ಒಂಬತ್ತು ಗಂಟೆಗೆ ಮೊದಲು ಊಟಕ್ಕೆ ಹೋದರೆ ಬರೀ ಪ್ರವಾಸಿಗರೇ ಇರುತ್ತಾರೆ. ಗಾಳಿಗೆ ಹಾರದಂತೆ ಮೇಜಿಗೆ ಕ್ಲಿಪ್ ಹಾಕಿದ ಕಾಗದದ ಹಾಸು, ನಡುವೆ ತಟ್ಟೆಗಳು, ಎಲ್ಲರೂ ಎಲ್ಲದಕ್ಕೂ ಕೈ ಹಾಕುವುದು. ನೀವು ಕೇಳುವವರೆಗೆ ಬಿಲ್ ತರುವುದಿಲ್ಲ, ಎದ್ದೇಳಿ ಅನ್ನುವ ನೋಟವೂ ಇಲ್ಲ. ನಮ್ಮಲ್ಲೊಬ್ಬನಿಗೆ ಅದೇ ಕಷ್ಟ. ಊಟ ಮುಗಿದ ಐದೇ ನಿಮಿಷಕ್ಕೆ "ಮುಂದೇನು?" ಅಂತ ಶುರು. ಮುಂದೇನೂ ಇಲ್ಲ ಕಣೋ, ಇದೇ. ಇದಕ್ಕೇ ಅಷ್ಟು ದೂರ ಬಂದಿದ್ದು.

ಸ್ಯಾಂಟೊರಿನಿ ಬಿಟ್ಟರೆ ಗ್ರೀಸ್ ನೋಡಿದ ಹಾಗಾ ಅಂತ ಕೇಳುವವರಿಗೆ ಉತ್ತರ: ಹೋಗಿ, ಆದರೆ ಸೂರ್ಯಾಸ್ತಕ್ಕಲ್ಲ. ಹದಿನೈದು ಸಾವಿರದಷ್ಟು ಜನರ ದ್ವೀಪಕ್ಕೆ ವರ್ಷಕ್ಕೆ ಮೂವತ್ತು ಲಕ್ಷ ಮೀರಿ ಜನ ಬರುತ್ತಾರೆ. ಕ್ರೂಸ್ ಹಡಗುಗಳಿಂದ ಇಳಿಯುವವರಿಗೆ 2025ರಿಂದ ದಿನಕ್ಕೆ 8,000ದ ಮಿತಿ ಹಾಕಬೇಕಾಗಿ ಬಂತು. ಸಂಜೆ ಸೂರ್ಯಾಸ್ತಕ್ಕೆ ಹೆಸರಾದ ಓಯಾ ಊರಿನ ಓಣಿಯಲ್ಲಿ ಸೂರ್ಯನಿಗಿಂತ ಮೊಬೈಲ್ ಹಿಡಿದ ಕೈಗಳೇ ಹೆಚ್ಚು ಕಾಣುತ್ತವೆ. ಅದರ ಬದಲು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಕ್ರೊತಿರಿಗೆ ಹೋಗಿ. ಮೂರೂವರೆ ಸಾವಿರ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರು, 1967ರಿಂದ ಅಗೆಯುತ್ತಲೇ ಇದ್ದಾರೆ. ಮಹಡಿ ಮನೆಗಳಿವೆ, ಚರಂಡಿಯಿದೆ, ಸಾಲಾಗಿ ಕೂರಿಸಿದ ಮಣ್ಣಿನ ಗುಡಾಣಗಳಿವೆ. ಹೆಣಗಳು ಸಿಕ್ಕಿಲ್ಲ. ಮುನ್ಸೂಚನೆ ಸಿಕ್ಕಿ ಜನ ಮೊದಲೇ ಊರು ಬಿಟ್ಟಿರಬೇಕು ಅನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ಸರಣಿ ಭೂಕಂಪಕ್ಕೆ ಹೆದರಿ ಸಾವಿರಾರು ಜನ ಅದೇ ದ್ವೀಪದಿಂದ ಫೆರಿ ಹತ್ತಿದ್ದನ್ನು ನೆನೆಸಿಕೊಂಡು ಆ ಖಾಲಿ ಮನೆಗಳನ್ನು ನೋಡಬೇಕು.

ಇನ್ನು ಕೇಳಿದವರಿಗಾಗಿ ಒಂದಿಷ್ಟು. ಮೇ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ನಡು ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟಿ ಆಕ್ರೊಪೊಲಿಸ್ಸನ್ನೇ ಮಧ್ಯಾಹ್ನ ಮುಚ್ಚಿದ ದಿನಗಳಿವೆ. ಅದರ ಟಿಕೆಟ್ 30 ಯೂರೋ, ಸಮಯ ನಿಗದಿ ಮಾಡಿ ಮೊದಲೇ ತೆಗೆದುಕೊಳ್ಳಿ. ಗ್ರೀಸಿಗೆ ಬೇಕಾಗುವ ಷೆಂಗನ್ ವೀಸಾದ ಶುಲ್ಕ 90 ಯೂರೋ. ದ್ವೀಪದಲ್ಲಿ ಗಾಡಿ ಓಡಿಸುವವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ.

ಮುಂದಿನ ಸಲಕ್ಕೆ ನಾನು ಉತ್ತರ ಗ್ರೀಸಿನ ಥೆಸ್ಸಲೊನಿಕಿ ನಗರ ಅಂತಿದ್ದೇನೆ, ದ್ವೀಪವೇ ಬೇಡ. ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕಿದ್ದಾರೆ. "ಮುಂದೇನು" ಮಹಾಶಯ ಆಗಲೇ ಮಿಕೊನೋಸ್, ಪಾರೋಸ್, ಕ್ರೀಟ್, ರೋಡ್ಸ್ ಎಲ್ಲವನ್ನೂ ಒಂದೇ ಆಯ್ಕೆಯಾಗಿ ಸೇರಿಸಿ ಪ್ರಚಾರಕ್ಕಿಳಿದಿದ್ದಾನೆ. ನಾನು ಸೋಲುವ ಲಕ್ಷಣ ಕಾಣ್ತಿದೆ.