ಸತ್ಯಾಂಶ: ಸ್ಪ್ಯಾನಿಷ್‌ನ 'ಅಬೇರ್', ಇಂಗ್ಲಿಷ್‌ನ 'ಹ್ಯಾವ್' ಒಂದೇ ಬೇರಿನವಲ್ಲ

ಸ್ಪ್ಯಾನಿಷ್ ಕಲಿಯುವವರ ನಡುವೆ ಒಂದು ಮಾತು ಫಾರ್ವರ್ಡ್ ಆಗುತ್ತಿರುತ್ತದೆ: ಸ್ಪ್ಯಾನಿಷ್‌ನ 'ಅಬೇರ್', ಇಂಗ್ಲಿಷ್‌ನ 'ಹ್ಯಾವ್' ಎರಡೂ ಲ್ಯಾಟಿನ್‌ನ 'ಹಬೇರೆ'ಯಿಂದ (ಅಂದರೆ ಹೊಂದಿರು) ಬಂದಿವೆಯಂತೆ. ಇದರಲ್ಲಿ ಅರ್ಧ ಮಾತ್ರ ನಿಜ.

ಅಬೇರ್ ಬಂದಿರುವುದು ಹಬೇರೆಯಿಂದಲೇ. ಶುರುವಿನ ಎಚ್ ಅಕ್ಷರ ಬರಹದಲ್ಲಿ ಉಳಿದಿದೆ, ಬಾಯಲ್ಲಿ ಇಲ್ಲ. ಹ್ಯಾವ್ ಮಾತ್ರ ಜರ್ಮ್ಯಾನಿಕ್ ಪದ, ಅಂದರೆ ಇಂಗ್ಲಿಷ್, ಜರ್ಮನ್ ಸೇರಿದ ಭಾಷಾ ಕುಟುಂಬದ್ದು. ಜರ್ಮನ್‌ನ 'ಹಾಬೆನ್' ಅದರ ಒಡಹುಟ್ಟು.

ರೂಪ ಒಂದೇ ಥರ, ಅರ್ಥವೂ ಹತ್ತಿರ. ಸಂಬಂಧವಿಲ್ಲ ಅಂದರೆ ನಂಬುವುದು ಕಷ್ಟ, ಅಲ್ವಾ? ಸುಳಿವು ಇರುವುದು ಧ್ವನಿಯಲ್ಲಿ. ಹಳಗನ್ನಡದ ಪಾಲ್, ಪೂ ಹೋಗಿ ಹಾಲು, ಹೂವು ಆದ ಹಾಗೆ, ಜರ್ಮ್ಯಾನಿಕ್ ಭಾಷೆಗಳಲ್ಲಿ ಪದದ ಶುರುವಿನ ಹಳೆಯ ಕಕಾರ ಹಕಾರವಾಯಿತು. ಜರ್ಮನಿಯ ಭಾಷಾ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಇಂಥ ಬದಲಾವಣೆಗಳನ್ನು ನಿಯಮವಾಗಿ ವಿವರಿಸಿದರು. ಲ್ಯಾಟಿನ್‌ನ 'ಕೆಂಟುಮ್'ಗೆ ಇಂಗ್ಲಿಷ್‌ನಲ್ಲಿ 'ಹಂಡ್ರೆಡ್'. 'ಕೊರ್ನು'ಗೆ 'ಹಾರ್ನ್'. ಇದೇ ಲೆಕ್ಕದಲ್ಲಿ ಹ್ಯಾವ್‌ನ ನಂಟು ಇರುವುದು 'ಕಪೆರೆ' ಜೊತೆ, ಅಂದರೆ ಹಿಡಿ. ಅದರಿಂದ ಸ್ಪ್ಯಾನಿಷ್‌ಗೆ ಬಂದದ್ದು 'ಕಬೇರ್'. ಈ ಡಬ್ಬಿಯಲ್ಲಿ ಅಷ್ಟೂ ಅಕ್ಕಿ ಹಿಡಿಸುತ್ತದೆ ಅಂತೀವಲ್ಲ, ಆ ಅರ್ಥ.

ಹಾಗಂತ ಹಬೇರೆಗೆ ಇಂಗ್ಲಿಷ್‌ನಲ್ಲಿ ನೆಂಟರು ಇಲ್ಲವೆಂದಲ್ಲ, ಜಾಸ್ತಿಯೇ ಇದ್ದಾರೆ: ಹ್ಯಾಬಿಟ್, ಎಕ್ಸಿಬಿಟ್, ಪ್ರೊಹಿಬಿಟ್. ನನಗೆ ತುಂಬ ಇಷ್ಟವಾದದ್ದು 'ಡೆಟ್'. 'ದೆ' ಮತ್ತು ಹಬೇರೆ ಸೇರಿ 'ದೆಬೇರೆ' ಆಯಿತು. ಇನ್ನೊಬ್ಬರದ್ದನ್ನು ಇಟ್ಟುಕೊಂಡಿರುವುದು, ಅಂದರೆ ಸಾಲ. ಡೆಟ್‌ನಲ್ಲಿ ನಾವು ಉಚ್ಚರಿಸದ ಬಿ ಅಕ್ಷರ ಇದೆಯಲ್ಲ, ಅದು ಫ್ರೆಂಚ್‌ನಿಂದ ಪದ ಬಂದಾಗ ಇರಲಿಲ್ಲ. ಲ್ಯಾಟಿನ್ ಮೂಲ ಕಾಣಲಿ ಎಂದು ಆಮೇಲೆ ಸೇರಿಸಿದ್ದು.