ಕಮಲಾ–ಬೈಡನ್ ಕ್ಲಿಪ್ ಬಗ್ಗೆ ಒಂದು ಸ್ಪಷ್ಟನೆ

'ಒಂದೇ ಡಿಬೇಟ್‌ನಲ್ಲಿ ಕಮಲಾ ಹ್ಯಾರಿಸ್ ಬೈಡನ್ ಅವರನ್ನು ರೇಸಿನಿಂದಲೇ ಹೊರಗೆ ಹಾಕಿದ್ದರು' ಅಂತ ಒಂದು ಕ್ಲಿಪ್ ಓಡಾಡುತ್ತಿದೆ. ಕ್ಲಿಪ್ ನಿಜ, ಆದರೆ ಅದರ ಮೇಲೆ ಬರೆದಿರುವುದು ತಪ್ಪು.

ಅದು 2019ರ ಜೂನ್ 27ರಂದು ಮಯಾಮಿಯಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಒಳಗಿನ ಚರ್ಚೆ, 2020ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ. ಒಟ್ಟು 20 ಮಂದಿ, ಎರಡು ರಾತ್ರಿ, ರಾತ್ರಿಗೆ ಹತ್ತು ಜನ. ಒಂದು ಉತ್ತರಕ್ಕೆ ಒಂದೇ ನಿಮಿಷ! ಅಷ್ಟರಲ್ಲಿ ಯಾರ ಯೋಗ್ಯತೆಯನ್ನು ಅಳೆಯುವುದು ಹೇಳಿ?

ಕಮಲಾ ಆ ರಾತ್ರಿ ಚೆನ್ನಾಗಿ ಮಾತಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಬೇರೆ ಬಡಾವಣೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ಒಬ್ಬ ಹುಡುಗಿಯ ಕಥೆ ಹೇಳಿ, 'ಆ ಪುಟ್ಟ ಹುಡುಗಿ ನಾನೇ' ಅಂದರು. ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಓದಲಿ ಅಂತ ಮಾಡಿದ್ದ ಅಂಥ ಬಸ್ ವ್ಯವಸ್ಥೆಯನ್ನು ಬೈಡನ್ ಹಿಂದೆ ವಿರೋಧಿಸಿದ್ದರು ಅನ್ನುವುದು ಕಮಲಾ ಆರೋಪ. ಬೈಡನ್ ಏನೋ ಸಮಜಾಯಿಷಿ ಕೊಡಲು ಹೋಗಿ, ಕೊನೆಗೆ ನನ್ನ ಸಮಯ ಮುಗಿಯಿತು ಅಂತ ಅರ್ಧಕ್ಕೇ ನಿಲ್ಲಿಸಿದರು. ನೋಡಿದವರಿಗೆ ಅದೇ ಮನಸ್ಸಲ್ಲಿ ಉಳಿಯಿತು, ಸಹಜ ಅಲ್ವಾ?

ಆದರೆ ಮುಂದೆ ಆಗಿದ್ದೇನು? ಸಮೀಕ್ಷೆಗಳಲ್ಲಿ ಕಮಲಾ ಸರ್ರನೆ ಮೇಲೆ ಹೋದರು, ಹಾಗೆಯೇ ಇಳಿದರು. ಜುಲೈ 31ರಂದು ಡೆಟ್ರಾಯಿಟ್‌ನಲ್ಲಿ ನಡೆದ ಮುಂದಿನ ಚರ್ಚೆಯಲ್ಲಿ ಇನ್ನೊಬ್ಬ ಆಕಾಂಕ್ಷಿ ತುಳಸಿ ಗ್ಯಾಬಾರ್ಡ್, ಕಮಲಾ ಅವರ ಹಳೇ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲಿ) ಕೆಲಸವನ್ನೇ ಹಿಡಿದು ಅವರನ್ನು ತರಾಟೆಗೆ ತೆಗೆದುಕೊಂಡರು. ಡಿಸೆಂಬರ್ 3ಕ್ಕೆ, ಇನ್ನೂ ಒಂದು ವೋಟೂ ಬೀಳುವ ಮುಂಚೆಯೇ, ಹಣ ಸಾಲದೆ ಕಮಲಾ ಕಣದಿಂದ ಹಿಂದೆ ಸರಿದರು. ಟಿಕೆಟ್ ಸಿಕ್ಕಿದ್ದು ಬೈಡನ್‌ಗೆ. 2020ರ ಆಗಸ್ಟ್‌ನಲ್ಲಿ ಅವರೇ ಕಮಲಾರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡರು.

ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಮಾಡಿದ್ದರೆ ಇದನ್ನೂ ಜೊತೆಗೆ ಕಳಿಸಿ.