ಕಾಂಗ್ರೆಸ್ ಕಸಕ್ಕ ಜಾಗೃತಿ ಸಪ್ತಾಹ ಬೇಕಾ, ಬ್ಯಾಡಾ?

ಪರ

ಪ್ರತಿ ವರ್ಷ ಆಗಸ್ಟ್ 16ರಿಂದ 22ರ ತನಕ ಪಾರ್ಥೇನಿಯಂ ಜಾಗೃತಿ ಸಪ್ತಾಹ ಮಾಡ್ತಾರ್ರಿ. ಪಾರ್ಥೇನಿಯಂ ಅಂದ್ರ ನಮ್ ಕಡಿ ಯಾರಿಗೂ ತಿಳ್ಯಂಗಿಲ್ಲ, ಕಾಂಗ್ರೆಸ್ ಕಸ ಅನ್ಬೇಕು. ಬ್ಯಾನರ್ ಕಟ್ಟಿದ್ರ ಕಸ ಸಾಯ್ತದೇನು ಅಂತ ನಗೋರು ಒಂದ್ಸಲ ನಮ್ ಅವ್ವನ ಕೈ ನೋಡ್ಬೇಕು. ತೊಗರಿ ಹೊಲದ ಬದುವಿನ್ಯಾಗ ಇಪ್ಪತ್ತು ವರ್ಷ ಬರಿಗೈಲೇ ಕಿತ್ತಾಳ, ಮೊಣಕೈ ತನಕ ಚರ್ಮ ಕರ್ರಗಾಗಿ ಎಮ್ಮಿ ತೊಗಲಿನಂಗ ಬಿರುಸಾಗ್ಯದ, ರಾತ್ರಿ ತುರಿಸಿ ತುರಿಸಿ ನಿದ್ದಿ ಇಲ್ಲ. ಉಷ್ಣ ಆಗ್ಯದ ಅಂತ ಮಜ್ಜಿಗಿ ಕುಡ್ದು ಕೊಬ್ರಿ ಎಣ್ಣಿ ಹಚ್ಕೋತಿದ್ಳು, ಈ ಕಸದಿಂದ ಆಗಿದ್ದು ಅಂತ ಹೇಳೋರೇ ಇರ್ಲಿಲ್ಲ. ಹೂ ಬಿಟ್ಟು ಬಲಿತ ಮ್ಯಾಲ ಕಿತ್ರ ಒಂದೊಂದು ಗಿಡದ ಸಾವಿರಾರು ಬೀಜ ನಾವೇ ಜಾಡಿಸಿ ಬಿತ್ತಿದಂಗ, ಹೂವಿಗಿಂತ ಮೊದಲೇ, ಮಳಿ ಬಿದ್ದು ಎರಿ ಮಣ್ಣು ಮೆತ್ತಗಿದ್ದಾಗ, ಕೈಗೆ ಏನರೆ ಸುತ್ಕೊಂಡು ಬೇರು ಸಮೇತ ಎಳೀಬೇಕು. ಇದು ಅವ್ವಗ ಗೊತ್ತಾಗಿದ್ದು ಅಂಥಾದೊಂದು ಸಪ್ತಾಹದಾಗೇ. ಈಗ ಹಳೀ ಸಾಕ್ಸ್ ಕೈಗೆ ಏರಿಸ್ಕೊಂಡು ಹೊಲಕ್ಕ ಹೋಗ್ತಾಳ.

ವಿರೋಧ

ಖರೇ ಅದ. ಆದ್ರ ಕಲಬುರಗಿ ರಿಂಗ್ ರೋಡ್ ಕಡಿ ಒಂದ್ ರೌಂಡ್ ಹೊಡೀರಿ, ಖಾಲಿ ಪ್ಲಾಟಿನ್ಯಾಗ ಎದಿಮಟ ನಿಂತದ. ಮಾಲಕರು ಬೆಂಗಳೂರಾಗೋ ಪುಣೆದಾಗೋ (ಈ ಕಸ ನಮ್ ದೇಶದಾಗ ಮೊದಲು ಕಣ್ಣಿಗೆ ಬಿದ್ದಿದ್ದೂ ಪುಣೆದಾಗೇ, 1955ರ ಸುಮಾರಿಗೆ), ಅವರಿಗೆ ಜಾಗೃತಿ ಮೂಡಿಸೋರು ಯಾರು? ಕರ್ನಾಟಕ ಸರ್ಕಾರ 1975ರಾಗೇ ಇದನ್ನ ಪೀಡೆ ಕಳೆ ಅಂತ ಘೋಷಿಸಿತ್ತು, ಆದ್ರೂ ಹೊಲದ ರೈತ ಒಬ್ನೇ ಬದು ಸ್ವಚ್ಛ ಮಾಡ್ತಾನ, ಬಾಜೂ ಪ್ಲಾಟಿನ ಬೀಜ ಗಾಳಿಗೆ ಹಾರಿ ಮತ್ತ ಅವನ ಹೊಲಕ್ಕೇ ಬರ್ತದ. ಹೋದ್ ವರ್ಷ ನಾನೇ ನೋಡೀನಿ, ಸಪ್ತಾಹಕ್ಕ ಬಂದೋರು ಗ್ಲೌಸ್ ಹಾಕ್ಕೊಂಡು ನಾಕ್ ಗಿಡ ಕಿತ್ತು ಫೋಟೋ ತಗ್ದು, ಬೆಳ್ಳಗ ಹೂವಾಗಿದ್ದ ಆ ಗಿಡಾನ ರೋಡ್ ಬಾಜೂಕ್ಕೇ ಒಗ್ದು ಹೋದ್ರು.

ಬ್ಯಾನರ್ ಇಲ್ಲದೇ ಕೆಲಸ ಮಾಡೋದು ಈ ಕಸದ ಎಲಿ ತಿನ್ನೋ ಮೆಕ್ಸಿಕನ್ ದುಂಬಿ. 1984ರಾಗ ಬೆಂಗಳೂರಾಗ ಬಿಟ್ಟಿದ್ದು, ಮಳಿಗಾಲದಾಗ ಎಲಿ ಎಲ್ಲಾ ಜರಡಿ ಮಾಡಿ ಬಿಡ್ತದ. ಆದ್ರ ಬ್ಯಾಸಿಗ್ಯಾಗ ಮಣ್ಣೊಳಗ ಹೋಗಿ ಮಲಗ್ತದ, ನಮ್ ಕಡಿ ಬಿಸಲು ಗೊತ್ತದಲ್ಲ, ಹಂಗಾಗಿ ಅದನ್ನೊಂದೇ ನಂಬಿ ಕುಂದ್ರಾಕ ಆಗಂಗಿಲ್ಲ.

ನಂಗಂತೂ ಆ ಬ್ಯಾನರ್ ರೊಕ್ಕದಾಗ ಕೂಲಿ ಹೆಣ್ಮಕ್ಳಿಗೆ ಒಂದೊಂದು ಜೋಡಿ ಗ್ಲೌಸ್ ಕೊಟ್ಟು, ಪ್ಲಾಟ್ ಮಾಲಕರಿಗೆ ನೋಟಿಸ್ ಕಳಿಸಿದ್ರ ಸಾಕು ಅನಸ್ತದ. ನಮ್ ಮನಿ ಬಾಜೂ ಪ್ಲಾಟಿನ ಮಾಲಕರಿಗೆ ಎರಡ್ ಸಲ ಫೋನ್ ಹಚ್ಚೀನಿ, ಊರಿಗೆ ಬಂದಾಗ ನೋಡ್ತೀನಿ ಅಂದಾರ.